ನಾಲ್ಕು ಹಿಡಿಯ ಕುರ್ಚಿ

ಹಳೆಯ ಸೋಫಾದ ಹೊಟ್ಟೆ ಬಗೆದರೆ ಆ ಮನೆಯವರ ಬದುಕೆಲ್ಲ ಹೊರಗೆ ಬೀಳುತ್ತದೆ ಎಂದು ಸೋಫಾ ಮಾವ ನಗುತ್ತಿದ್ದ. ಬಾಚಣಿಗೆ, ಗುಂಡಿ, ಮಗುವಿನ ಹಾಲುಹಲ್ಲು, ಒಮ್ಮೆ ಯಾರದೋ ಒಂಟಿ ಕಿವಿಯೋಲೆ. ಸಿಕ್ಕಿದ್ದನ್ನೆಲ್ಲ ಡಬ್ಬಿಗೆ ಹಾಕಿ ಸೋಫಾದ ಜೊತೆಗೇ ವಾಪಸು ಕೊಡುತ್ತಿದ್ದ. ಲಿಫ್ಟ್ ಇಲ್ಲದ ಹಳೇ ಕಟ್ಟಡವೊಂದರ ನೆಲಮಹಡಿಯಲ್ಲಿ ಅವನ ಸೋಫಾ ರಿಪೇರಿ ಅಂಗಡಿ. ಹಿಂದಿನ ಎರಡು ಕೋಣೆಗಳೇ ಮನೆ. ತಂದೆಯಿಲ್ಲದ ಅಕ್ಕನ ಮಗ ಚಿಕ್ಕಂದಿನಲ್ಲಿ ಅಲ್ಲೇ ಸ್ಪಂಜಿನ ರಾಶಿಯ ಮೇಲೆ ಉರುಳಾಡಿ ಬೆಳೆದವನು. ಅವನು ದಿನವಿಡೀ ‘ಮಾವಾ, ಮಾವಾ’ ಎಂದು ಕೂಗುವುದನ್ನು ಕೇಳಿ ಕೇಳಿ ಬೀದಿಯವರೂ ಹಾಗೇ ಕರೆಯತೊಡಗಿದರು.

ಆ ಬೀದಿಯಲ್ಲಿ ಮೂರು ಧರ್ಮದ ಜನ, ಮೂರು ಪ್ರಾರ್ಥನಾ ಮಂದಿರಗಳು. ಕಟ್ಟಡದೊಳಗೂ ಅದೇ ಬೆರಕೆ. ಹಾಗಂತ ಒಬ್ಬರ ಮನೆಯಲ್ಲಿ ಒಬ್ಬರು ಕೂತು ಉಂಡವರೇನಲ್ಲ. ಎದುರಾದರೆ ‘ಊಟ ಆಯ್ತಾ’ ಅನ್ನುವುದು, ನಲ್ಲಿಯಲ್ಲಿ ನೀರು ನಿಂತಾಗ ಒಟ್ಟಿಗೆ ಬೈಯುವುದು, ಅಷ್ಟೇ ಬಳಕೆ.

ಮೂರನೇ ಮಹಡಿಯಲ್ಲಿ ನಿವೃತ್ತ ಟೀಚರಮ್ಮ ಮಗಳ ಜೊತೆ ಇದ್ದರು. ಮೂತ್ರಪಿಂಡ ಕೈಕೊಟ್ಟು, ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧ ಮಾಡಿಸಿಕೊಳ್ಳಬೇಕಾಗಿತ್ತು. ಕಾಲಲ್ಲಿ ಬಲವಿರಲಿಲ್ಲ. ಒಂದು ಬೆಳಿಗ್ಗೆ ಸೋಫಾ ಮಾವ ಸುತ್ತಿಗೆ ಹಿಡಿದು ಹೊರಗೆ ಬಂದಾಗ, ಆಕೆ ಮಕ್ಕಳ ಹಾಗೆ ಒಂದೊಂದೇ ಮೆಟ್ಟಿಲ ಮೇಲೆ ಕೂತು ಕೂತು ಕೆಳಗೆ ಜಾರುತ್ತಿದ್ದರು. ಸೀರೆಯ ಹಿಂಭಾಗವೆಲ್ಲ ಧೂಳು. ಮಗಳು ಕೈಚೀಲ ಹಿಡಿದು ಅಳು ನುಂಗಿಕೊಂಡು ಹಿಂದೆ ನಿಂತಿದ್ದಳು.

“ನೋಡೋದೇನಪ್ಪಾ? ಮೆಟ್ಟಿಲು ಒರೆಸ್ತಾ ಇದ್ದೀನಿ,” ಎಂದರು ಟೀಚರಮ್ಮ.

ಅವನಿಗೆ ನಗು ಬರಲಿಲ್ಲ. ಅಂದೇ ಮೂಲೆಯಲ್ಲಿದ್ದ ಕಬ್ಬಿಣದ ಕುರ್ಚಿಯೊಂದನ್ನು ಎಳೆದು, ಮುಂದೆರಡು ಹಿಂದೆರಡು ಹಿಡಿ ಬೆಸೆಯಿಸಿದ. ಒಳ್ಳೆಯ ಸ್ಪಂಜು ಹಾಕಿ ರೆಕ್ಸಿನ್ ಬಿಗಿದು, ಸೊಂಟಕ್ಕೊಂದು ಪಟ್ಟಿ ಹೊಲಿದ. ಹೊರುವುದಕ್ಕೆ ನಾಲ್ವರು ಬೇಕಲ್ಲ? ಎರಡನೇ ಮಹಡಿಯ ಬಸ್ ಡ್ರೈವರ್ ಆಳು ಎತ್ತರ, ಕರೆದ ಕೂಡಲೇ ಬಂದ. ಅವನದೊಂದು ಧರ್ಮ, ಸೋಫಾ ಮಾವನದು ಇನ್ನೊಂದು, ಟೀಚರಮ್ಮನದು ಮತ್ತೊಂದು. ತರಕಾರಿ ಅಕ್ಕ ಟೀಚರಮ್ಮನ ಧರ್ಮದವಳೇ, ಅವರ ಎದುರು ಮನೆಯಲ್ಲಿದ್ದು ತರಕಾರಿ ಮಾರುವವಳು. ದಿನಾ ಮೂಟೆ ಎತ್ತಿದ ತೋಳು ಅವಳದು. ನಾಲ್ಕನೆಯವನು ಸೋಫಾ ಮಾವನ ಧರ್ಮದವನೇ, ಬೇಕರಿಯವ. ಬೆಳಗಿನ ಬ್ರೆಡ್ಡು ಒಲೆಯಿಂದ ತೆಗೆದವನೇ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದ.

ಮೊದಲ ದಿನ ಎಡವಟ್ಟೋ ಎಡವಟ್ಟು. ಎತ್ತರದವರು ಮೇಲುಗಡೆ ಹಿಡಿದು, ಕುರ್ಚಿ ಮುಂದಕ್ಕೆ ವಾಲಿ, ಟೀಚರಮ್ಮ ಪಟ್ಟಿಗೆ ಜೋತುಬಿದ್ದರು. ಆಮೇಲೆ ಗಿಡ್ಡರು ಮೇಲೆ, ಎತ್ತರದವರು ಕೆಳಗೆ ಎಂದಾಯಿತು. ತಿರುವಿನಲ್ಲಿ ಡ್ರೈವರ್ “ಎಡಕ್ಕೆ” ಅನ್ನುವುದು, ಭಾರ ತನ್ನ ಕೈಗೆ ಬಂದೊಡನೆ ಮೇಲಿಂದ ಸೋಫಾ ಮಾವ “ಬಂತು, ಬಿಡು” ಅನ್ನುವುದು ರೂಢಿಯಾಯಿತು. ಟೀಚರಮ್ಮ ಕೂತಲ್ಲಿಂದಲೇ ಎಲ್ಲರ ಉಚ್ಚಾರಣೆ ತಿದ್ದುತ್ತಿದ್ದರು. ಕೆಳಗೆ ಇಳಿಸಿದ ಮೇಲೆ ನಾಲ್ವರೂ ಅಂಗಡಿಯಲ್ಲಿ ಕೂತು ಚಹಾ ಕುಡಿಯುವುದು ಯಾರೂ ಹೇಳದೆಯೇ ಶುರುವಾಯಿತು.

ಹೀಗೆ ಒಂದು ವರ್ಷ ಕಳೆದಿರಬೇಕು. ಪೇಟೆಯ ಕಡೆ ಒಂದು ಗೋಡೆಬರಹದ ವಿಷಯಕ್ಕೆ ಜಗಳ ಹತ್ತಿಕೊಂಡಿತು. ಮಾತಿಗೆ ಮಾತು ಬೆಳೆದು ಕಲ್ಲು ತೂರಾಟವಾಯಿತು. ಡ್ರೈವರನ ತಮ್ಮನ ಕ್ಷೌರದ ಅಂಗಡಿಗೆ ನುಗ್ಗಿದ ಗುಂಪು ಕನ್ನಡಿ ಒಡೆದು, ಕುರ್ಚಿಗಳ ಸೀಟನ್ನೆಲ್ಲ ಬ್ಲೇಡಿನಿಂದ ಸೀಳಿಹಾಕಿತು. ಆ ಗುಂಪಿನಲ್ಲಿ ಸೋಫಾ ಮಾವನ ಅಕ್ಕನ ಮಗನೂ ಇದ್ದನೆಂದು ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಈಗ ಅವನು ಮೀಸೆ ಬಂದ ಗಂಡಸು, ಬೇರೆ ಕಡೆ ಕೆಲಸಕ್ಕಿದ್ದ.

ಮರುದಿನ ಆಸ್ಪತ್ರೆಯ ಸರದಿ. ಡ್ರೈವರ್ ಬರಲಿಲ್ಲ. ಅವನ ಬಾಗಿಲು ಮುಚ್ಚಿತ್ತು. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಬಾಗಿಲು ತಟ್ಟಲು ಸೋಫಾ ಮಾವನಿಗೆ ಮುಖವಿರಲಿಲ್ಲ. “ಮೂರೇ ಜನ ಹೊರೋಣ,” ಎಂದ. ಎರಡನೇ ತಿರುವಿನಲ್ಲಿ ಕುರ್ಚಿ ವಾಲಿ ಟೀಚರಮ್ಮನ ಮೊಣಕೈ ಗೋಡೆಗೆ ಉಜ್ಜಿ ರಕ್ತ ಬಂತು. ಅಲ್ಲೇ ಮೆಟ್ಟಿಲಂಚಿನಲ್ಲಿ ಇಳಿಸಿದರು. ಎದುರಿಗೇ ಡ್ರೈವರನ ಬಾಗಿಲು.

“ಹೋಗಿ ಕರಿ ಅವನನ್ನ,” ಎಂದರು ಟೀಚರಮ್ಮ.

“ಯಾವ ಮುಖ ಇಟ್ಕೊಂಡು ಕರೀಲಿ ಟೀಚರಮ್ಮಾ?”

“ಇರೋ ಮುಖಾನೇ ಇಟ್ಕೊಂಡು ಹೋಗು. ಬೇರೆ ಎಲ್ಲಿಂದ ತರ್ತೀಯಾ?”

ಅವನು ತಟ್ಟಿದ. ಬಾಗಿಲು ಅರ್ಧ ತೆರೆಯಿತು. ಡ್ರೈವರನ ಕಣ್ಣು ಕೆಂಪಾಗಿತ್ತು.

“ನಿಮ್ಮ ಅಕ್ಕನ ಮಗ ಅಲ್ಲಿದ್ದ, ಮಾವ.”

“ಇದ್ದ. ಇಲ್ಲ ಅನ್ನಲ್ಲ.”

“ಸೀಟು ಸೀಳಿದ್ದು ಅವನೇನಾ?”

“ತಾನಲ್ಲ ಅಂತಾನೆ. ನಾನು ಸಾಕಿದ ಹುಡುಗ, ಆದ್ರೂ ನಂಬೋಕೆ ಆಗ್ತಿಲ್ಲ ನಂಗೆ.”

ಬೇರೇನಾದರೂ ಹೇಳಿದ್ದರೆ ಬಾಗಿಲು ಮುಚ್ಚುತ್ತಿತ್ತೋ ಏನೋ. ಹುಡುಗುಬುದ್ಧಿ, ಸಹವಾಸದೋಷ, ಎರಡೂ ಕಡೆ ತಪ್ಪಿದೆ, ಇಂಥ ಮಾತುಗಳೆಲ್ಲ ಸೋಫಾ ಮಾವನ ನಾಲಿಗೆಯ ತುದಿಗೆ ಬಂದಿದ್ದವು. ಅವನು ನುಂಗಿಕೊಂಡ. ಡ್ರೈವರ್ ಅವನನ್ನು ದಾಟಿ ಟೀಚರಮ್ಮನ ಮೊಣಕೈ ನೋಡಿದ. ಒಳಗೆ ಹೋಗಿ ಒದ್ದೆ ಬಟ್ಟೆ ತಂದು ಗಾಯ ಒರೆಸಿದ. ಆಮೇಲೆ ತನ್ನ ಹಿಡಿ ಹಿಡಿದ. ತಿರುವು ಬಂದಾಗ “ಎಡಕ್ಕೆ” ಎನ್ನದೆ ವಿಧಿಯಿರಲಿಲ್ಲ. ಎಂದ. ಮೇಲಿಂದ ಸೋಫಾ ಮಾವನೂ ಉತ್ತರ ಕೊಡಲೇಬೇಕಾಯಿತು.

ಅಂದಿನಿಂದ ಎಷ್ಟೋ ವಾರ ಅವರಿಬ್ಬರ ನಡುವೆ ಮೆಟ್ಟಿಲ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಚಹಾ ನಿಂತುಹೋಯಿತು. ತರಕಾರಿ ಅಕ್ಕ “ಇದೇನು ಹೆಣ ಹೊತ್ತ ಹಾಗೆ, ಏನಾದ್ರೂ ಮಾತಾಡ್ರಪ್ಪಾ” ಎಂದು ರೇಗುತ್ತಿದ್ದಳು.

ಸೋಫಾ ಮಾವ ಅಕ್ಕನ ಮಗನನ್ನು ಕರೆಸಿ, “ನಡಿ, ಆ ಸೀಟು ಇಬ್ಬರೂ ಸೇರಿ ಹೊಲಿದು ಕೊಡೋಣ,” ಎಂದ. ಅವನು ತಲೆ ತಗ್ಗಿಸಿ ಕೂತಿದ್ದು ಎದ್ದು ಹೋದ. ಆ ತಿಂಗಳೇ ದೂರದ ಊರಿಗೆ ಕೆಲಸ ಹುಡುಕಿಕೊಂಡ. ಅಕ್ಕನೂ ಮುನಿಸಿಕೊಂಡಳು: “ಸ್ವಂತದವನನ್ನ ಬಿಟ್ಟು ಪರರ ಕಡೆ ನಿಂತೆಯಲ್ಲೋ.” ಅಂದು ರಾತ್ರಿ ಸೋಫಾ ಮಾವನಿಗೆ ಊಟ ಸೇರಲಿಲ್ಲ.

ಕೊನೆಗೆ ಒಬ್ಬನೇ ಸ್ಪಂಜು, ರೆಕ್ಸಿನ್ ಹೊತ್ತು ಕ್ಷೌರದ ಅಂಗಡಿಗೆ ಹೋದ. ಡ್ರೈವರನ ತಮ್ಮ ಬಾಗಿಲಲ್ಲೇ ತಡೆದ. “ನೀವು ಯಾಕೆ ಬಂದ್ರಿ? ಮಾಡಿದವರು ಬರ್ಲಿ.”

“ಅವರು ಬರೋವರೆಗೂ ನಿನ್ನ ಗಿರಾಕಿ ಎಲ್ಲಿ ಕೂತ್ಕೋಬೇಕು? ಕೆಲಸ ಮಾಡಿ ಹೋಗ್ತೀನಿ. ಮಾತಾಡಿಸಬೇಡ, ಪರವಾಗಿಲ್ಲ.”

ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದ. ಸೋಫಾ ಮಾವ ನೆಲದ ಮೇಲೆ ಕೂತು ಸೀಳಿದ ರೆಕ್ಸಿನ್ ಕಿತ್ತು, ಮೊಳೆ ಹೊಡೆದು, ಒಂದೊಂದೇ ಸೀಟು ಬಿಗಿದ. ಕೊನೆಯದಕ್ಕೆ ಬರುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತ್ತು. ಏಳಲಾಗದೆ ನರಳಿದಾಗ ಯಾರೋ ಹಿಂದಿನಿಂದ ಕಂಕುಳಿಗೆ ಕೈಹಾಕಿ ಎತ್ತಿದರು. ಡ್ರೈವರ್ ಬಂದಿದ್ದ.

“ಮೊಣಕಾಲು ಮಡಚಿ ಏಳಿ ಮಾವ, ಎಷ್ಟು ಸಲ ಹೇಳಿದ್ದೀನಿ,” ಎಂದ.

ಆ ಗಾಯ ಪೂರ್ತಿ ಮಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಡ್ರೈವರನ ತಮ್ಮ ಇಂದಿಗೂ ಸೋಫಾ ಮಾವನಿಗೆ ಬರೀ ತಲೆಯಾಡಿಸುತ್ತಾನೆ, ಅಷ್ಟೇ. ಆದರೆ ಮುಂದಿನ ವಾರದಿಂದ ಚಹಾ ಮತ್ತೆ ಶುರುವಾಯಿತು. ಅದಾಗಿ ಎರಡು ವರ್ಷ ಟೀಚರಮ್ಮ ಬದುಕಿದ್ದರು. ಒಂದು ಸಲವೂ ಆಸ್ಪತ್ರೆ ತಪ್ಪಲಿಲ್ಲ.

ಅಷ್ಟರಲ್ಲಿ ಬೇರೆ ಕಟ್ಟಡಗಳಿಂದಲೂ ಜನ ಕೇಳಿಕೊಂಡು ಬರತೊಡಗಿದ್ದರು: ಸೊಂಟ ಮುರಿದ ಅಜ್ಜಿ, ಪಾರ್ಶ್ವವಾಯು ಹೊಡೆದ ಗಡಿಯಾರದಂಗಡಿಯವ. ಒಂದು ಮಧ್ಯಾಹ್ನ ಮೂರೂ ಮಂದಿರಗಳ ಹಿರಿಯರು ಅಂಗಡಿಗೆ ಬಂದು, ಕೂರಲು ಜಾಗ ಸಾಲದೆ ಅರೆಬರೆ ಸೋಫಾಗಳ ಸ್ಪ್ರಿಂಗಿನ ಮೇಲೆ ಬ್ಯಾಲೆನ್ಸ್ ಮಾಡುತ್ತ ಕೂತರು. ತಮ್ಮ ತಮ್ಮ ಕಡೆಯಿಂದ ಹೊರುವ ಜನ ಕಳಿಸುತ್ತೇವೆ, ಕುರ್ಚಿ ಮಾಡಿಕೊಡು ಎಂದರು.

“ನಮ್ಮವರ ಕುರ್ಚಿ, ನಿಮ್ಮವರ ಕುರ್ಚಿ ಅಂತ ಮಾಡಿಕೊಡಲ್ಲ,” ಎಂದ ಸೋಫಾ ಮಾವ. “ಪ್ರತಿ ಕುರ್ಚಿಗೂ ಎಲ್ಲ ಕಡೆಯವರೂ ಇರಬೇಕು.”

ಹಿರಿಯರು ಮುಖ ಮುಖ ನೋಡಿಕೊಂಡರು. ಒಬ್ಬರು ಕೆಮ್ಮಿದರು. ಮತ್ತೊಬ್ಬರು, “ಆಯ್ತಪ್ಪಾ, ಮೊದಲು ನನ್ನನ್ನ ಈ ಸ್ಪ್ರಿಂಗಿನಿಂದ ಎಬ್ಬಿಸು,” ಎಂದರು.

ಈಗ ಸೋಫಾ ಮಾವನ ಮೊಣಕಾಲು ಸವೆದಿದೆ. ಭಾರ ಎತ್ತಬಾರದೆಂದು ಡಾಕ್ಟರ ಅಪ್ಪಣೆ. ಭಾನುವಾರ ಹೊಸಬರು ಬಂದರೆ ಕುರ್ಚಿಯಲ್ಲಿ ಮರಳಿನ ಮೂಟೆ ಇಟ್ಟು ಡ್ರೈವರ್ ಕಲಿಸುತ್ತಾನೆ. ಸೋಫಾ ಮಾವ ಕೆಳಗಿನ ಮೆಟ್ಟಿಲಲ್ಲಿ ಕೂತು ತಪ್ಪು ಹಿಡಿಯುತ್ತಾನೆ. ಅಪರಿಚಿತರ ಪಕ್ಕ ನಿಂತು ಹಿಡಿ ಹಿಡಿಯುವಾಗ ಹೊಸಬರು ಮೊದಮೊದಲು ಮುಜುಗರದಿಂದ ಬಾಯಿ ಕಟ್ಟಿಕೊಂಡಿರುತ್ತಾರೆ.

“ಎಡಕ್ಕೆ, ಬಂತು ಅಂತ ಬಾಯಿ ಬಿಟ್ಟು ಹೇಳ್ರಪ್ಪಾ!” ಎಂದು ಅವನು ಗದರುತ್ತಾನೆ. “ಹೇಳದಿದ್ರೆ ಪಕ್ಕದವನಿಗೆ ಹೇಗೆ ಗೊತ್ತಾಗ್ಬೇಕು?”