ಹದಿನೇಳನೆಯ ಪ್ಯಾರಾ

ಮುಧೋಳದ ತಹಶೀಲ್ದಾರ ಕಚೇರಿಯ ಎದುರಿನ ಸಾಲಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಇಬ್ಬರು ಕೂತರೆ ಮೂರನೆಯವರು ಹೊರಗೆ ನಿಲ್ಲಬೇಕು, ಅಷ್ಟೇ ಜಾಗ. ಅದರಲ್ಲಿ ಒಂದು ಕುರ್ಚಿ ಗಿರಮಲ್ಲಪ್ಪನವರದು. ಸೈನ್ಯದಲ್ಲಿ ಇಪ್ಪತ್ತು ವರ್ಷ ಕ್ಲರ್ಕಾಗಿದ್ದು, ಹವಾಲ್ದಾರರಾಗಿ ನಿವೃತ್ತಿ ತೆಗೆದುಕೊಂಡು ಬಂದವರು. ಅರ್ಜಿ ಟೈಪು ಮಾಡಲು ಕೂತರೆ ಬೆರಳು ಕಾಣಿಸುವುದಿಲ್ಲ. ಆದರೂ ಅವರಿಂದ ನನ್ನ ಗಿರಾಕಿಗಳು ಹೆಚ್ಚಿದ್ದಾರೋ ಕಡಿಮೆಯಾಗಿದ್ದಾರೋ ನನಗೆ ಇವತ್ತಿಗೂ ಅನುಮಾನವಿದೆ. ಅವರಿಗೊಂದು ಕೆಟ್ಟ ಚಟ. ‘ಸೂಕ್ತ ಕ್ರಮ ಕೈಗೊಳ್ಳಬೇಕೆಂದು ವಿನಂತಿ’ ಎಂದು ಯಾರಾದರೂ ಬರೆಸಿದರೆ ಸಾಕು, ಕೈ ನಿಂತುಬಿಡುತ್ತದೆ.

“ಯಾರು?” ಎನ್ನುತ್ತಾರೆ.

“ಯಾರಂದ್ರ? ಸರಕಾರದವ್ರು.”

“ಸರಕಾರದಾಗ ಯಾರು? ತಹಶೀಲ್ದಾರ್ರೋ, ಸರ್ವೇದವ್ರೋ, ತಲಾಠಿನೋ? ಒಬ್ಬರನ್ನ ಹೇಳ್ರಿ. ಎಲ್ಲಾರೂ ಅಂದ್ರ ಯಾರೂ ಅಲ್ಲ.”

ಗಿರಾಕಿ ಗೊಣಗುತ್ತಾ ಪಕ್ಕದ ಅಂಗಡಿಗೆ ಹೋಗುತ್ತಾನೆ. ನಾನು ಎಷ್ಟೋ ಸಲ ರೇಗಿದ್ದೇನೆ. “ಅಣ್ಣಾರ, ನಾವು ಅರ್ಜಿ ಬರಿಯಾಕ ಕುಂತೇವಿ, ಸರಕಾರ ನಡಸಾಕಲ್ಲ” ಎಂದಿದ್ದೇನೆ. ತಲೆ ತಗ್ಗಿಸಿ ಕೇಳುತ್ತಾರೆ, ಮುಂದಿನ ಗಿರಾಕಿಗೆ ಮತ್ತದೇ ಪ್ರಶ್ನೆ. ಹೊಳೆ ಬಂದ ವರ್ಷ ಹೆಂಡತಿಯನ್ನು ಕಳೆದುಕೊಂಡವರು, ಏನೋ ಒಂದು ಹಟ ಹಿಡಿದಿದೆ ಎಂದು ನಾನೂ ಬಿಟ್ಟುಬಿಟ್ಟೆ.

ಆ ಹಟದ ಬೇರು ಎಲ್ಲಿದೆ ಎಂದು ತಿಳಿದದ್ದು ಹೋದ ವರ್ಷ, ದಶರಥನ ಫೋನು ಬಂದಾಗ. ದಶರಥ ಬನಹಟ್ಟಿಯ ನೇಕಾರರ ಮನೆಯವನು. ಗಿರಮಲ್ಲಪ್ಪನವರ ಜೊತೆ ದೆಹಲಿಯಲ್ಲಿ ಒಂದೇ ಕಚೇರಿಯಲ್ಲಿದ್ದವನು, ಇನ್ನೂ ನೌಕರಿಯಲ್ಲಿದ್ದಾನೆ. ನನ್ನ ಅಂಗಡಿಯಲ್ಲಿ ಒಬ್ಬರ ಫೋನು ಇನ್ನೊಬ್ಬರಿಗೆ ಕೇಳಿಸದೆ ಇರುವ ಮಾತೇ ಇಲ್ಲ.

“ಅಣ್ಣಾ, ನಮ್ಮ ಆ ಪುಸ್ತಿಕೆ ರಿವ್ಯೂಕ್ಕ ಬಂದೈತಿ. ಏನರ ಹೇಳೂದಿದ್ರ ಒಂದ ತಿಂಗಳದಾಗ ಬರದ ಕಳಸು. ಈ ಸಲ ಮುಚ್ಚಿದ್ರಂದ್ರ ಮತ್ತ ಯಾವಾಗ ತಗೀತಾರೋ ದೇವ್ರಿಗೇ ಗೊತ್ತು.”

ಗಿರಮಲ್ಲಪ್ಪ ಫೋನು ಕೆಳಗಿಟ್ಟರು. ನನ್ನ ಕಡೆ ತಿರುಗಿದರು. “ಶೇವಂತಕ್ಕಾರ, ಒಂದ ವಾಕ್ಯ ತಗಿಸಬೇಕ್ರಿ. ಅದನ್ನ ತಗಿಸದ ನಾ ಸಾಯಂಗಿಲ್ಲ” ಎಂದರು. ಆಮೇಲೆ ಶಟರು ಅರ್ಧ ಎಳೆದು, ಆರು ವರ್ಷ ಯಾರಿಗೂ ಹೇಳದ್ದನ್ನು ಹೇಳಿದರು.

ದೆಹಲಿಯಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಸೇರಿದ ಒಂದು ಕಚೇರಿಯಲ್ಲಿ ಅವರು ಮೂರು ವರ್ಷವಿದ್ದರು. ಅಲ್ಲಿ ತಯಾರಾಗುತ್ತಿದ್ದದ್ದು ಗುಂಡಲ್ಲ, ಮದ್ದಲ್ಲ, ಮಾತು. ಮೂರು ಪಡೆಗಳು ಒಂದೇ ಕೆಲಸಕ್ಕೆ ಇಳಿದಾಗ ಹೇಗೆ ಯೋಚಿಸಬೇಕು, ಎಲ್ಲಿ ಯಾರ ಮಾತು ನಡೆಯಬೇಕು ಎಂದು ಮೊದಲೇ ಬರೆದಿಡುವುದು. ಅದಕ್ಕೆ ಜಂಟಿ ಡಾಕ್ಟ್ರಿನ್ ಎನ್ನುತ್ತಾರಂತೆ. ಯಾರೋ ದೊಡ್ಡ ಸಾಹೇಬರು ಒಬ್ಬರೇ ಕೂತು ಬರೆದು ಬಿಸಾಕುತ್ತಾರೆಂದು ನಾನು ತಿಳಿದಿದ್ದೆ. ಹಾಗಲ್ಲ. ಮೂರೂ ಕಡೆಯ ಅಧಿಕಾರಿಗಳು ಕೂಡಿ ಮೊದಲ ಕರಡು ಮಾಡುತ್ತಾರೆ. ಅದು ಮೂರೂ ಪಡೆಗಳಿಗೆ ಹೋಗಿ ತಕರಾರು ಹೊತ್ತುಕೊಂಡು ಬರುತ್ತದೆ. ಪ್ರತಿ ತಕರಾರನ್ನೂ ಒಂದು ಪಟ್ಟಿಗೆ ಏರಿಸಿ, ಅದರ ಮುಂದೆ ‘ಸ್ವೀಕರಿಸಿದೆ’, ‘ಭಾಗಶಃ ಸ್ವೀಕರಿಸಿದೆ’, ‘ಸ್ವೀಕರಿಸಿಲ್ಲ’ ಎಂದು ಬರೆದು ಕಾರಣ ಕೊಡಬೇಕು. ಮತ್ತೆ ಕರಡು, ಮತ್ತೆ ತಕರಾರು. ಮೂವರ ಸಹಿ ಬೀಳದೆ ಮುಖ್ಯಸ್ಥರ ಮೇಜಿಗೆ ಒಂದು ಹಾಳೆಯೂ ಹೋಗುವಂತಿಲ್ಲ. ಅಚ್ಚಾದ ಮೇಲೆ ಐದು ವರ್ಷಕ್ಕೊಮ್ಮೆ ತೆಗೆದು ನೋಡಬೇಕೆಂಬ ನಿಯಮವಿದೆ. ಇವರ ಪುಸ್ತಿಕೆಯನ್ನು ತೆಗೆದದ್ದು ಮಾತ್ರ ಇದೇ ಮೊದಲು.

ಅದು ಯುದ್ಧದ್ದಲ್ಲ, ಸಣ್ಣದು. ಮಹಾಪೂರ, ಭೂಕಂಪವಾದಾಗ ಮೂರೂ ಪಡೆಗಳು ಜನರ ನೆರವಿಗೆ ಹೇಗೆ ಹೋಗಬೇಕೆನ್ನುವುದು. ಹದಿನಾರು ಪ್ಯಾರಾ ಸಲೀಸಾಗಿ ಮುಗಿದವು. ಹದಿನೇಳರಲ್ಲಿ ಸಿಕ್ಕಿಬಿದ್ದರು. ನೀರು ನಿಂತ ಒಂದೇ ಊರಿಗೆ ದೋಣಿಯೂ ಹೋಗಿದೆ, ಹೆಲಿಕಾಪ್ಟರೂ ಹೋಗಿದೆ; ಯಾರನ್ನು ಯಾರು ಎತ್ತಬೇಕೆಂದು ಹೇಳುವವರು ಯಾರು? ನೆಲದ ಮೇಲೆ ನಿಂತ ನಮ್ಮವನೇ ಹೇಳಬೇಕೆಂದರು ಒಬ್ಬರು. ಮೇಲಿನ ಗಾಳಿ, ತಂತಿ ಕಾಣುವುದು ಪೈಲಟ್‌ಗೆ, ಅವನಿಗೆ ಕೆಳಗಿನವನು ಹುಕುಂ ಕೊಡುವುದೇನೆಂದರು ಇನ್ನೊಬ್ಬರು. ನೀರೆಂದ ಮೇಲೆ ನಮ್ಮನ್ನು ಕೇಳದೆ ಹೇಗೆ ಎಂದರು ಮೂರನೆಯವರು. ನಾಲ್ಕು ತಿಂಗಳು ಇದೇ ನಡೆಯಿತು. ಮೂರು ಕಡೆಯ ಬೀಗರು ಒಂದೇ ಚಾಪೆಯ ಮೇಲೆ ಕೂತ ಹಾಗೆ.

ಆ ಹೊತ್ತಿಗೆ ರನ್ನ ಬೆಳಗಲಿಯಲ್ಲಿ ಗಿರಮಲ್ಲಪ್ಪನವರ ಲಗ್ನ ನಿಶ್ಚಯವಾಗಿತ್ತು. ಹುಡುಗಿ ಉಮಾಶ್ರೀ. ಅಕ್ಷಯ ತದಿಗೆಯ ಮುಹೂರ್ತ. ನಿಜಾಮುದ್ದೀನಿನಿಂದ ಬೆಳಗಾವಿಗೆ ರೈಲಿನ ಟಿಕೀಟೂ ಆಗಿತ್ತು. ಆದರೆ ಈ ಕರಡು ಹೊರಗೆ ಹೋಗುವ ತನಕ ಕಚೇರಿಯಲ್ಲಿ ಯಾರಿಗೂ ರಜೆಯಿಲ್ಲವೆಂದು ಹುಕುಂ ಆಯಿತು. ಊರಿನಲ್ಲಿ ಅರಿಷಿಣ ಕುಟ್ಟುತ್ತಿದ್ದಾರೆ, ಮದುಮಗ ದೆಹಲಿಯಲ್ಲಿ ಹದಿನೇಳನೆಯ ಪ್ಯಾರಾವನ್ನು ಹನ್ನೊಂದನೆಯ ಸಲ ಟೈಪು ಮಾಡುತ್ತಿದ್ದಾನೆ.

ರೈಲಿಗೆ ಎರಡು ದಿನ ಉಳಿದಾಗ ಗಿರಮಲ್ಲಪ್ಪ ಹಳೆಯ ಫೈಲುಗಳನ್ನು ತೆಗೆದು ಕೂತರು. ಗೋದಾಮು ಹಂಚಿಕೊಳ್ಳುವ ವಿಷಯದ ಒಂದು ಕಾಗದದಲ್ಲಿ ಒಂದು ವಾಕ್ಯ ಸಿಕ್ಕಿತು: ‘ಸಂಬಂಧಪಟ್ಟ ಪಡೆಗಳು ಪರಸ್ಪರ ಸಮಾಲೋಚಿಸಿ ನಿರ್ಧರಿಸತಕ್ಕದ್ದು.’ ಅದನ್ನು ಟೈಪು ಮಾಡಿ, ಮಧ್ಯಾಹ್ನದ ಚಹಾದ ಜೊತೆ ಮೇಜಿನ ಮೇಲಿಟ್ಟರು. ಮೂವರು ಅಧಿಕಾರಿಗಳು ಓದಿದರು. ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲಿಲ್ಲ. ಹತ್ತು ನಿಮಿಷದಲ್ಲಿ ಮೂರು ಸಹಿ ಬಿದ್ದವು. ಇಷ್ಟು ದಿನ ಎಲ್ಲಿದ್ದೆಯಪ್ಪಾ ಎಂದು ಬೆನ್ನು ತಟ್ಟಿದರು. ರಜೆ ಸಿಕ್ಕಿತು. ಲಗ್ನವಾಯಿತು. ತಿಂಗಳ ಮೇಲೆ ದೊಡ್ಡ ಸಾಹೇಬರ ಸಹಿಯಿದ್ದ ಪ್ರಶಂಸಾ ಪತ್ರವೂ ಬಂತು. ಉಮಾಶ್ರೀ ಅದಕ್ಕೆ ಚೌಕಟ್ಟು ಹಾಕಿಸಿ ಬೀರೇಶ್ವರನ ಫೋಟೋದ ಪಕ್ಕ ತೂಗುಹಾಕಿದಳು. ಬಂದವರಿಗೆಲ್ಲ ತೋರಿಸಿ, “ನಮ್ಮ ಲಗ್ನಾ ಮಾಡಿಸಿದ ಕಾಗದಾರಿ ಇದು” ಎಂದು ನಗುತ್ತಿದ್ದಳಂತೆ.

ಮುಂದೆ ಅವಳ ಎರಡೂ ಮೂತ್ರಪಿಂಡ ಕೆಟ್ಟವು. ಆ ಕಾರಣಕ್ಕೇ ಗಿರಮಲ್ಲಪ್ಪ ನೌಕರಿ ಬಿಟ್ಟು ಬಂದದ್ದು. ವಾರಕ್ಕೆರಡು ಸಲ, ಬುಧವಾರ ಮತ್ತು ಶನಿವಾರ, ಜಮಖಂಡಿಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕು. ಮಗಳು ಶೀತಲ್ ಅಲ್ಲೇ ಹಾಸ್ಟೆಲಿನಲ್ಲಿದ್ದಳು. ಇವರಿಬ್ಬರ ವಾಸ ಹೊಳೆದಂಡೆಯ ತೋಟದ ಮನೆಯಲ್ಲಿ.

ಹೊಳೆ ಬಂದದ್ದು ಮಂಗಳವಾರ. ಮುಂಜಾನೆ ಕಬ್ಬಿನ ಬುಡದಲ್ಲಿದ್ದ ನೀರು ದನಗಳ ಕಣ್ಣಿ ಬಿಚ್ಚಿ ಬರುವಷ್ಟರಲ್ಲಿ ದಾರಿಯನ್ನು ನುಂಗಿತ್ತು. ಸಂಜೆಗೆ ಗಂಡ ಹೆಂಡತಿ ಮಾಳಿಗೆ ಏರಿದರು. ಉಮಾಶ್ರೀ ಎರಡೇ ಸಾಮಾನು ತಂದಿದ್ದಳು. ಪ್ಲಾಸ್ಟಿಕ್ ಚೀಲದಲ್ಲಿ ಆಸ್ಪತ್ರೆಯ ಫೈಲು, ಇನ್ನೊಂದರಲ್ಲಿ ಆ ಚೌಕಟ್ಟು.

ಬುಧವಾರದ ಡಯಾಲಿಸಿಸ್ ತಪ್ಪಿತು. ಸುತ್ತ ಕಣ್ಣು ಹಾಯುವಷ್ಟು ದೂರ ನೀರು, ಅವಳಿಗೆ ಮಾತ್ರ ದಿನಕ್ಕೆ ಮೂರು ಲೋಟದ ಮೇಲೆ ಕುಡಿಯುವಂತಿಲ್ಲ. ಮುಖ ಬಾತಿತು, ಕಾಲು ಬಾತವು. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಹಾಗಾಗಿ ಗಂಡನ ಬೆನ್ನಿಗೆ ಬೆನ್ನು ಕೊಟ್ಟು ಕೂತೇ ಇದ್ದಳು.

ಗುರುವಾರ ದೋಣಿ ಬಂತು. ಕಬ್ಬಿನ ಹೊಲದ ಅಂಚಿಗೆ ಬಂದದ್ದೇ ಅದರ ಯಂತ್ರದ ರೆಕ್ಕೆಗೆ ರವದಿ, ಕಬ್ಬಿನ ಒಣ ಸೋಗೆ, ಸುತ್ತಿಕೊಂಡಿತು. ಎರಡು ಸಲ ಬಿಡಿಸಿಕೊಂಡರು, ಎರಡು ಸಲವೂ ಸಿಕ್ಕಿಬಿದ್ದರು. ಹೆಲಿಕಾಪ್ಟರ್ ಬರುತ್ತದೆ ತಯಾರಿರಿ ಎಂದು ಭೋಂಗಾದಲ್ಲಿ ಕೂಗಿ ಹಿಂದೆ ಹೋದರು. ಹೆಲಿಕಾಪ್ಟರೂ ಬಂತು. ಮಾಳಿಗೆಯ ಪಕ್ಕದಲ್ಲೇ ಪಂಪ್‌ಸೆಟ್ಟಿನ ತಂತಿ, ದನದ ಶೆಡ್ಡಿನ ತಗಡು. ಕೆಳಗಿಳಿದರೆ ಗಾಳಿಗೆ ತಗಡು ಹಾರಿ ಇವರ ಮೇಲೇ ಬೀಳುತ್ತಿತ್ತು. ಎರಡು ಸುತ್ತು ಹಾಕಿ, ಅವಲಕ್ಕಿ ಪೊಟ್ಟಣ ಇಳಿಸಿ, ದೋಣಿಯ ಕಡೆ ಕೈ ತೋರಿಸಿ ಹೋಯಿತು. ದೋಣಿಯವರು ಹೇಳಿದ್ದು ಖರೆ, ಪೈಲಟ್ ಹೇಳಿದ್ದೂ ಖರೆ. ಶುಕ್ರವಾರ ಎರಡೂ ಬಂದು ಮತ್ತೆ ಹಾಗೇ ಹೋದವು.

ಗಿರಮಲ್ಲಪ್ಪ ಕಂಟ್ರೋಲ್ ರೂಮಿಗೆ ಫೋನು ಮಾಡಿದರು. “ಇಬ್ರೂ ಮಾತಾಡಾಕತ್ತಾರ್ರಿ” ಎಂದ ಅಲ್ಲಿದ್ದವನು.

“ತೀರ್ಮಾನ ಮಾಡವ್ರು ಯಾರ್ರಿ?”

“ಇಬ್ರೂ ಕೂಡೇ ಮಾಡಬೇಕ್ರಿ. ಹಂಗ ಐತಂತ ನಿಯಮ.”

ಆ ಮಾತು ಕಿವಿಗೆ ಬಿದ್ದದ್ದೇ ಗುರುತು ಹತ್ತಿತಂತೆ. ಹದಿನೇಳನೆಯ ಪ್ಯಾರಾದಲ್ಲಿ ತಾವೇ ಇಟ್ಟ ವಾಕ್ಯ ಅದು.

“ಯಾಕ ಹೊಳ್ಳಿ ಹ್ವಾದ್ರಿ ಅವ್ರು?” ಎಂದು ಉಮಾಶ್ರೀ ಕೇಳಿದಳು. ಇವರು ಫೋನನ್ನು ಕಿಸೆಗೆ ಹಾಕಿಕೊಂಡರು. ಅವಳು ಪ್ಲಾಸ್ಟಿಕ್ ಚೀಲದಿಂದ ಚೌಕಟ್ಟು ತೆಗೆದು ಇವರ ತೊಡೆಯ ಮೇಲಿಟ್ಟಳು. “ನಾಳಿ ಬಂದಾಗ ಇದನ್ನ ಎತ್ತಿ ತೋರಸ್ರಿ. ದೊಡ್ಡ ಸಾಹೇಬರ ಸಹಿ ಐತಿ. ನಮ್ಮವ್ರ ಅಂತ ಗೊತ್ತಾದ್ರ ಬಿಟ್ಟ ಹೋಗೂದಿಲ್ಲ.”

ಇದನ್ನು ಹೇಳುವಾಗ ಗಿರಮಲ್ಲಪ್ಪ ನನ್ನ ಮುಖ ನೋಡಲಿಲ್ಲ. ಶಟರಿನ ಕೆಳಗಿಂದ ಕಾಣುವ ಜನರ ಕಾಲುಗಳನ್ನು ನೋಡುತ್ತಿದ್ದರು.

ಶನಿವಾರ ಮುಂಜಾನೆ ಬಂದವನು ಭೀಮಪ್ಪ, ಆಚೆ ತೋಟದವನು. ಗಾಣದ ಮನೆಯಲ್ಲಿ ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯನ್ನು ನೀರಿಗೆ ಬಿಟ್ಟು, ಕಬ್ಬಿನ ತುದಿ ಹಿಡಿದು ಹಿಡಿದು ಎಳೆದುಕೊಂಡು ಬಂದ. ಅದಕ್ಕೆ ಯಂತ್ರವಿಲ್ಲ, ಸುತ್ತಿಕೊಳ್ಳಲು ಏನೂ ಇಲ್ಲ. ಅವನು ಯಾರನ್ನೂ ಕೇಳಿರಲಿಲ್ಲ. ಇಬ್ಬರೂ ಸೇರಿ ಉಮಾಶ್ರೀಯನ್ನು ಅದರಲ್ಲಿ ಕೂರಿಸಿದರು. ಅರ್ಧ ಕಬ್ಬು ದಾಟುವಷ್ಟರಲ್ಲಿ ಅವಳ ತಲೆ ಗಂಡನ ಎದೆಯ ಮೇಲೆ ವಾಲಿತು. ದಂಡೆಯಲ್ಲಿ ಆಂಬುಲೆನ್ಸ್ ನಿಂತೇ ಇತ್ತು, ಉಪಯೋಗಕ್ಕೆ ಬರಲಿಲ್ಲ.

ನನಗೆ ಅಳುವೂ ಬಂತು, ಸಿಟ್ಟೂ ಬಂತು. “ತಪ್ಪು ನಿಮ್ಮದಲ್ಲರೀ ಅಣ್ಣಾರ. ಸಹಿ ಹಾಕಿದವ್ರು ದೊಡ್ಡವ್ರು. ನೀವ ಬರೇ ಟೈಪ್ ಮಾಡಿದವ್ರು” ಎಂದೆ.

“ಹಂಗಾರ ಯಾರದು?” ಎಂದರು.

ದಿನಕ್ಕೆ ಹತ್ತು ಸಲ ಕೇಳಿ ನಾನು ಬೈಯುತ್ತಿದ್ದ ಪ್ರಶ್ನೆ ಅದೇ.

ಪುಸ್ತಿಕೆಯ ಕೊನೆಯ ಪುಟದಲ್ಲಿ ಒಂದು ನಮೂನೆ ಇರುತ್ತದಂತೆ. ಓದಿದವರು ತಿದ್ದುಪಡಿ ಸೂಚಿಸಬಹುದು. ಅವರಿದ್ದ ಮೂರು ವರ್ಷದಲ್ಲಿ ಯಾವ ಪುಸ್ತಕದ ನಮೂನೆಯೂ ತುಂಬಿ ಬಂದಿರಲಿಲ್ಲ. ದಶರಥ ಅದನ್ನು ಕಳಿಸಿದ. ಗಿರಮಲ್ಲಪ್ಪ ನನ್ನ ಕಂಪ್ಯೂಟರಿನ ಮುಂದೆ ಕೂತು ಕಾಲಂ ತುಂಬಿದರು. ಪ್ಯಾರಾ: ಹದಿನೇಳು. ಈಗಿರುವ ವಾಕ್ಯ: ಅದೇ, ನೋಡದೆ ಟೈಪು ಮಾಡಿದರು. ಇರಬೇಕಾದ ವಾಕ್ಯ: ‘ಸ್ಥಳಕ್ಕೆ ಮೊದಲು ಮುಟ್ಟಿದ ಅಧಿಕಾರಿ ಒಬ್ಬನೇ ನಿರ್ಧರಿಸತಕ್ಕದ್ದು. ಉಳಿದವರು ಪಾಲಿಸತಕ್ಕದ್ದು.’ ಕಾರಣ ಎಂಬ ಕಾಲಮಿಗೆ ಬಂದಾಗ ಆ ಬೆರಳುಗಳು ನಿಂತವು. ಗಿರಾಕಿಯ ಮಾತಿಗಲ್ಲದೆ ತಮ್ಮದೇ ಮಾತಿಗೆ ಅವು ನಿಂತದ್ದನ್ನು ನಾನು ನೋಡಿರಲಿಲ್ಲ.

“ಇದನ್ನ ಮೊದಲ ಯಾರ ಬರದ್ರು ಅನ್ನೂ ಕಾಲಂ ಇದರಾಗ ಇಲ್ಲರಿ” ಎಂದರು.

“ಕಾರಣದಾಗ ಬರೀರಿ.”

ಬರೆದರು. ‘ಈಗಿರುವ ವಾಕ್ಯವನ್ನು ಕೊಟ್ಟವನು ನಾನು. ರಜೆ ಬೇಕಾಗಿತ್ತು. ಈ ವಾಕ್ಯದ ಕೆಳಗೆ ನಾಲ್ಕು ದಿನ ಕೂತು ನನ್ನ ಹೆಂಡತಿ ಸತ್ತಳು.’ ಮುದ್ರಿಸಿದ ಹಾಳೆಗೆ ಸಹಿ ಹಾಕಿ, ತಮ್ಮ ಹಳೆಯ ಸೈನ್ಯದ ನಂಬರನ್ನೂ ಬರೆದರು. ಇಬ್ಬರೂ ಹೋಗಿ ರಿಜಿಸ್ಟರ್ಡ್ ಅಂಚೆ ಮಾಡಿ ಬಂದೆವು.

ಅಲ್ಲಿಂದ ಮುಂದೆ ಅಂಚೆಯವನು ಬರುವ ಹೊತ್ತಿಗೆ ಗಿರಮಲ್ಲಪ್ಪ ಊಟಕ್ಕೆ ಏಳುತ್ತಿರಲಿಲ್ಲ. ದಸರೆ ಹೋಯಿತು, ದೀಪಾವಳಿ ಹೋಯಿತು. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಶುರುವಾಯಿತು. ನಾನೂ ಕಾಯುವುದನ್ನು ಕಲಿತಿದ್ದೆ. ಆ ಒಂದು ವಾಕ್ಯ ಬದಲಾದರೆ ಈ ಮನುಷ್ಯ ಆ ಮಾಳಿಗೆಯಿಂದ ಕೆಳಗಿಳಿಯುತ್ತಾನೆ ಎಂದು ನಂಬಿಬಿಟ್ಟಿದ್ದೆ.

ಸಂಕ್ರಮಣದ ಮರುದಿನ ಲಕೋಟೆ ಬಂತು. ಅವರು ಅದನ್ನು ನನ್ನ ಕೈಗೆ ಕೊಟ್ಟರು, ನಾನೇ ಒಡೆದೆ. ಒಳಗೆ ಪಟ್ಟಿಯ ಒಂದೇ ಸಾಲು. ಸೂಚನೆ ನಲವತ್ತೊಂದು: ಭಾಗಶಃ ಸ್ವೀಕರಿಸಿದೆ. ನನಗೆ ಜೀವ ಬಂದಂತಾಯಿತು. “ಅಣ್ಣಾರ, ಒಪ್ಯಾರ್ರಿ!” ಎಂದು ಕೂಗಿದೆ. ಅವರು ಹಾಳೆ ತೆಗೆದುಕೊಂಡು ಕೊನೆಯ ಕಾಲಂ ಓದಿದರು. ಮೂರೂ ಕಡೆ ಒಪ್ಪಿ ಸಹಿಯಾದ ಹೊಸ ವಾಕ್ಯ ಅಲ್ಲಿತ್ತು: ‘ಸಂಬಂಧಪಟ್ಟ ಪಡೆಗಳು ಪರಸ್ಪರ ಸಮಾಲೋಚಿಸಿ, ಆದಷ್ಟು ಬೇಗನೆ ನಿರ್ಧರಿಸತಕ್ಕದ್ದು.’

ನಾನು ಬಾಯಿಗೆ ಬಂದಂತೆ ಬೈದೆ. ದೆಹಲಿಯವರನ್ನು, ಮೂರೂ ಪಡೆಗಳನ್ನು, ಅಂಚೆಯವನನ್ನೂ ಬಿಡಲಿಲ್ಲ. ಗಿರಮಲ್ಲಪ್ಪ ಹಾಳೆಯನ್ನು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ, ನೀರಿನ ಕಲೆ ಹತ್ತಿದ ಆ ಚೌಕಟ್ಟನ್ನು ಇಟ್ಟಿದ್ದ ಡ್ರಾಯರಿನಲ್ಲಿ ಇಟ್ಟರು.

“ಬೈಬ್ಯಾಡ್ರಿ ಶೇವಂತಕ್ಕಾರ,” ಎಂದರು. “ಪಾಪ, ಯಾವನೋ ಕ್ಲರ್ಕಗ ಊರಿಗಿ ಹೋಗೂದಿತ್ತು ಕಾಣಸ್ತೈತಿ.”