ಹಿಂಡಲೆ ಬಳ್ಳಿ ಬಾಡಿದ ಬೆಳಗು

ಅಂದು ಮಾಡಿದ ಕೆಲಸಗಳು: ಅಂಗಳ ಗುಡಿಸಿದ್ದು, ಹೊಸ್ತಿಲಿಗೆ ಬಿಳಿ ಶೇಡಿಮಣ್ಣಿನ ರಂಗೋಲಿ ಬರೆದದ್ದು, ಕಡುಬಿಗೆ ಚೀನಿಕಾಯಿ ತುರಿದಿಟ್ಟದ್ದು, ಮಾವನ ತಲೆಗೆ ಎಣ್ಣೆ ಒತ್ತಿದ್ದು, ಬಚ್ಚಲಿನ ಬಾಯ್ಲರಿನ ಸೆನ್ಸರನ್ನು ಅದರ ಜಾಗಕ್ಕೆ ಸೇರಿಸಿದ್ದು. ಕೊನೆಯದು ಹಬ್ಬದ ಕೆಲಸವಲ್ಲ, ಆದರೆ ಹಬ್ಬ ಮಾಡಹೋಗಿಯೇ ಬಂದದ್ದು.

ಸಕ್ಕರೆ ಕಾಯಿಲೆಯಿಂದ ಮಾವನ ಪಾದಗಳಿಗೆ ಬಿಸಿ, ತಂಪು ಎರಡೂ ತಿಳಿಯುವುದಿಲ್ಲ. ಬೆರಳ ತುದಿಗಳೂ ಮಂದವಾಗಿವೆ. ಒಮ್ಮೆ ಕಾಲಿಗೆ ಬಿಸಿನೀರು ಸುರಿದುಕೊಂಡು ಹೆಬ್ಬೆರಳು ಬೆಂದು, ತೀರ್ಥಹಳ್ಳಿಯ ಡಾಕ್ಟರ ಹತ್ತಿರ ತಿಂಗಳುಗಟ್ಟಲೆ ಓಡಾಡಿದೆವು. ಇನ್ನೊಂದು ಸಲ ಹೀಗಾದರೆ ಬೆರಳು ಉಳಿಯುವುದು ಕಷ್ಟ ಎಂದಿದ್ದರು. ಆಮೇಲೆ ದಿನವೂ ನಾನೇ ಬಕೆಟ್ಟಿಗೆ ಕೈಯಿಟ್ಟು ನೋಡಿ, "ಈಗ ಮೀಯಬಹುದು" ಎನ್ನುತ್ತಿದ್ದೆ. ಸೊಸೆಯ ಅಪ್ಪಣೆಗಾಗಿ ಪಂಚೆ ಸುತ್ತಿಕೊಂಡು ಕಾಯುವುದು ಅವರಿಗೆ ಹಿಡಿಸಲಿಲ್ಲ. ಹೊಸನಗರದ ಎಲೆಕ್ಟ್ರಿಶಿಯನ್ ಹಳೆಯ ತಾಮ್ರದ ಬಾಯ್ಲರಿಗೆ ಕಾಯಿಲ್ ಕೂರಿಸಿ, ಡಿಗ್ರಿ ತೋರಿಸುವ ಪೆಟ್ಟಿಗೆ ಹಾಕಿಕೊಟ್ಟ. ನಲವತ್ತಕ್ಕೆ ತಾನೇ ಆಫ್ ಆಗುತ್ತದೆ. ಅಂದಿನಿಂದ ಮಾವ ಅಂಕಿ ಓದಿಕೊಂಡು, ಬಾಗಿಲು ಹಾಕಿಕೊಂಡು, ತಾವೇ ಮೀಯುತ್ತಿದ್ದರು.

ಹಿಂದಿನ ದಿನ ನೀರು ತುಂಬುವ ಹಬ್ಬ. ಹುಣಸೆಹಣ್ಣು ಹಾಕಿ ಬಾಯ್ಲರನ್ನು ಥಳಥಳ ಉಜ್ಜಿ, ಹೊಸ ನೀರು ತುಂಬಿ, ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ ಕಟ್ಟಿದ್ದೆ. ಹಂಡೆಗೆ ಅತ್ತೆ ಕಟ್ಟುತ್ತಿದ್ದದ್ದು ಹಾಗೆಯೇ.

ಬೆಳಿಗ್ಗೆ ಸ್ವಿಚ್ ಹಾಕಿ ಒಂದು ಗಂಟೆಯಾದರೂ ಅಂಕಿ ಇಪ್ಪತ್ತೊಂಬತ್ತರಿಂದ ಮೇಲೇಳಲಿಲ್ಲ. ಮಾವ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕೂತಿದ್ದರು.

"ಕರೆಂಟು ಸಾಲ್ತಿಲ್ಲ ಕಾಣ್ತದೆ" ಎಂದರು. "ಜೋಗ ಮಗ್ಗುಲಲ್ಲೇ ಇದೆ, ನಮಗೆ ಮಾತ್ರ ಉಗುರುಬೆಚ್ಚಗಿನ ನೀರೂ ಇಲ್ಲ."

"ಇನ್ನೊಂದು ಚೂರು ಕಾಯಿರಿ ಮಾವ."

"ಎಣ್ಣೆ ಹಚ್ಚಿ ಹಪ್ಪಳದ ಹಾಂಗೆ ಕೂರ್ಸಿದೀಯಲ್ಲ ಮಾರಾಯ್ತಿ. ತಣ್ಣೀರಾದ್ರೂ ಅಡ್ಡಿಲ್ಲ, ಮಿಂದೇ ಬಿಡ್ತೀನಿ."

ಅವರು ನಲ್ಲಿ ತಿರುಗಿಸಿ ಬಕೆಟ್ ತುಂಬಿಸತೊಡಗಿದರು. ಟವೆಲ್ ಕೊಡಲು ಹೋದವಳ ಕಣ್ಣು ಬಳ್ಳಿಯ ಮೇಲೆ ಬಿತ್ತು. ನಿನ್ನೆ ಹಸಿರಾಗಿದ್ದ ಎಲೆಗಳು ಬೇಯಿಸಿದ ಬಸಳೆಯಂತೆ ತಾಮ್ರಕ್ಕೆ ಅಂಟಿಕೊಂಡಿದ್ದವು. ಇಪ್ಪತ್ತೊಂಬತ್ತು ಡಿಗ್ರಿಗೆ ಎಲೆ ಬೇಯುವುದಿಲ್ಲ.

"ಮಾವ, ಮುಟ್ಟಬೇಡಿ" ಎಂದು ಬಕೆಟ್ಟನ್ನು ಈಚೆಗೆ ಎಳೆದೆ. ತುಳುಕಿದ ಹನಿ ನನ್ನ ಕೈಮೇಲೆ ಬಿದ್ದು ಚುರ್ ಎಂದಿತು. ಅವರು ಆಗಲೇ ಚೊಂಬು ಹಿಡಿದಿದ್ದರು.

ಎಲೆಕ್ಟ್ರಿಶಿಯನ್ನಿಗೆ ಫೋನ್ ಮಾಡಿದೆ.

"ಮೊದ್ಲು ಸ್ವಿಚ್ ಆಫ್ ಮಾಡಿ ಅಕ್ಕ. ಬಾಯ್ಲರ್ ಬದಿಗೆ ಒಂದು ಸಣ್ಣ ಕೊಳವೆ ಇದೆಯಲ್ಲ, ಸೆನ್ಸರಿನ ಕಪ್ಪು ವೈರಿನ ತುದಿ ಅದರೊಳಗೆ ಇದೆಯಾ ನೋಡಿ."

"ಇಲ್ಲ. ಬಳ್ಳಿ ಜತೆ ಹೊರಗೆ ನೇತಾಡ್ತಾ ಇದೆ."

"ಹಿಂಡಲೆ ಬಳ್ಳಿನಾ?" ಅವನು ನಕ್ಕ. "ನಿನ್ನೆಯಿಂದ ನಿಮ್ಮದು ಮೂರನೇ ಮನೆ. ಅದು ನೀರಿನ ಬಿಸಿ ನೋಡೋ ಬದಲು ಬಚ್ಚಲಿನ ಗಾಳಿ ನೋಡ್ತಾ ಕೂತಿದೆ. ತುದಿ ಒರೆಸಿ, ಒಳಗೆ ಪೂರ್ತಿ ತಳ್ಳಿ, ಕ್ಲಿಪ್ ಹಾಕಿ."

ಹಾಗೆಯೇ ಮಾಡಿ ಮತ್ತೆ ಸ್ವಿಚ್ ಹಾಕಿದೆ. ಅಂಕಿ ಮೂವತ್ತೆಂಟಾಯಿತು, ಐವತ್ತಾಯಿತು, ಎಪ್ಪತ್ತೊಂದಕ್ಕೆ ನಿಂತಿತು. ಮಾವ ಅದನ್ನು ಬಾಯಿಬಿಟ್ಟು ಓದಿದರು. ಆಮೇಲೆ ತಮ್ಮ ಪಾದಗಳನ್ನು ನೋಡಿಕೊಂಡರು.

"ನಾಳೆಯಿಂದ ನೀನೇ ನೋಡು" ಎಂದರು ಕೊನೆಗೆ. ಆ ಮಾತು ಅವರಿಗೆ ಎಷ್ಟು ಭಾರವಾಗಿತ್ತೆಂದು ನನಗೆ ಗೊತ್ತಿತ್ತು. ವೈರು ಕಿತ್ತವಳು ನಾನು, ಅವರು ಯಾಕೆ ಸೋಲಬೇಕು?

"ಮೊಣಕೈಗೆ ಬಿಸಿ ಗೊತ್ತಾಗ್ತದಾ ಮಾವ?"

ತಣ್ಣೀರು ಬೆರೆಸಿ ಬಕೆಟ್ ಮುಂದಿಟ್ಟೆ. ಅವರು ಬಗ್ಗಿ ಮೊಣಕೈ ಅದ್ದಿದರು.

"ಕೂಸಿಗೆ ನೀರು ಹಾಕುವಾಗ ನಿನ್ನ ಅತ್ತೆ ಹಿಂಗೇ ನೋಡ್ತಿದ್ದಳು. ಈಗ ನಾನೇ ಕೂಸು, ನಾನೇ ಬಾಣಂತಿ."

"ಬಿಸಿ ಹೆಂಗಿದೆ?"

"ಇನ್ನೊಂದು ಚೊಂಬು ತಣ್ಣೀರು ಬೇಕು" ಎಂದು ತಾವೇ ಸುರಿದುಕೊಂಡರು. "ನೀ ಹೋಗು, ಕಡುಬು ನೋಡು." ಬಾಗಿಲು ಹಾಕಿಕೊಂಡರು. ನಾನು ಹೊರಗೆ ನಿಂತು ಮೊದಲ ಚೊಂಬಿನ ಸದ್ದು ಕೇಳಿ ಒಳಗೆ ಹೋದೆ.

ಮಧ್ಯಾಹ್ನ ಊಟಕ್ಕೆ ಚೀನಿಕಾಯಿ ಕಡುಬು, ತುಪ್ಪ, ಸೌತೆಕಾಯಿ ಹುಳಿ. ಮಾವನಿಗೆ ಕಡುಬು ಒಂದೇ. ಎರಡನೆಯದಕ್ಕೆ ಜಗಳವಾಡಿ ಅರ್ಧ ಗಿಟ್ಟಿಸಿಕೊಂಡರು. ಮೊದಲು ನಿದ್ದೆ ಹೋದವರೂ ಅವರೇ. ಚಾಪೆಯ ಆಚೆ ಚಾಚಿದ್ದ ಪಾದಗಳನ್ನು ಹತ್ತಿರ ಹೋಗಿ ನೋಡಿದೆ. ಎಲ್ಲಿಯೂ ಕೆಂಪಾಗಿರಲಿಲ್ಲ.