ಪಿನ್ನಿನ ಜಾಗದಲ್ಲಿ ಮೊಳೆ

ಅಪ್ಪ ಬಿಟ್ಟುಹೋದ ಎರಡೇ ಸೀಟಿನ ಹಳೇ ಇಂಗ್ಲಿಷ್ ಕಾರನ್ನು ನಮ್ಮ ಮನೆಯಲ್ಲಿ ಓಡಿಸುವವಳು ನಾನೊಬ್ಬಳೇ. ಕಳೆದ ವರ್ಷ ಅಣ್ಣನನ್ನು ಕೂರಿಸಿಕೊಂಡು ಮಾಗಡಿಯಿಂದ ಬರುತ್ತಿದ್ದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರ ಒತ್ತಿದ ಕ್ಲಚ್ ಪೆಡಲ್ ಸೀದಾ ಕೆಳಗೆ ಹೋಯಿತು. ಗೇರ್ ಬೀಳಲಿಲ್ಲ. ಹಿಂದಿನ ಟೆಂಪೋಗಳೆಲ್ಲ ಹಾರ್ನ್ ಹೊಡೆಯತೊಡಗಿದವು. ಇದೇ ತೊಂದರೆ ಕೆಲವು ತಿಂಗಳ ಹಿಂದಷ್ಟೇ ರಿಪೇರಿಯಾಗಿತ್ತು.

ಅಣ್ಣ ಆಗ ರಿಪೇರಿ ಮಾಡಿದ್ದ ಮೆಕ್ಯಾನಿಕ್ಕನಿಗೇ ಫೋನ್ ಮಾಡಿ ಕರೆಸಿದ. ಅವನು ಕಾರಿಗಿಂತ ಮೊದಲು ನನ್ನ ಚಪ್ಪಲಿ ನೋಡಿದ.

"ಹೆಣ್ಮಕ್ಳು ಕ್ಲಚ್ ಮ್ಯಾಲೇ ಕಾಲ್ ಮಡಗ್ಕಂಡು ಓಡುಸ್ತಾರೆ ಕಣಣ್ಣ. ಇನ್ನೇನಾಯ್ತದೆ?"

ಹೇಳಿದ್ದು ನನಗಲ್ಲ, ಅಣ್ಣನಿಗೆ. ಅಣ್ಣ ತಲೆಯಾಡಿಸಿ, "ಕೀ ಕೊಟ್ಬುಡವ್ವ, ಇನ್ ನೀನ್ ಓಡುಸ್ಬ್ಯಾಡ" ಎಂದ.

ಮೈಯೆಲ್ಲ ಉರಿದುಹೋಯಿತು. ನಾನು ಬಿಡದಿಯ ಕಾರ್ಖಾನೆಯಲ್ಲಿ ಫಿಟ್ಟರ್. ಕೀ ಕೊಡಲಿಲ್ಲ. ಹಗ್ಗ ಕಟ್ಟಿ ಎಳೆಸಿಕೊಂಡು ಚನ್ನಪಟ್ಟಣದ ಮನೆಗೆ ತಂದೆ.

ಆ ಕಾರಿನ ಗೇರ್‌ಬಾಕ್ಸನ್ನು ಒಳಗಿನಿಂದಲೇ ಎತ್ತಬೇಕು. ಭಾನುವಾರ ಗಂಡನೂ ನಾನೂ ಸೀಟು ಕಿತ್ತು, ಗೇರ್‌ಬಾಕ್ಸ್ ಹೊರಗೆತ್ತುವಷ್ಟರಲ್ಲಿ ಅವರಿಗೆ ಸೊಂಟ ಹಿಡಿದುಕೊಂಡಿತು. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಕವೆಯಂಥ ಫೋರ್ಕನ್ನು ಶಾಫ್ಟಿಗೆ ಹಿಡಿದಿಡುವುದು ಒಂದೇ ಒಂದು ಸಣ್ಣ ಪಿನ್ನು. ಯಾರೇ ಓಡಿಸಲಿ, ಅದು ಮುರಿಯುವುದು ಈ ಜಾತಿಯ ಕಾರುಗಳಿಗೆಲ್ಲ ಇರುವ ರೋಗ. ಆದರೆ ನಮ್ಮದರಲ್ಲಿ ಮುರಿದದ್ದು ಪಿನ್ನೇ ಅಲ್ಲ, ಮೊಳೆ! ಮೊಳೆ ಕತ್ತರಿಸಿ ಬಡಿದು ಕೂರಿಸಿದ್ದ, ಪಾಪಿ ಮೆಕ್ಯಾನಿಕ್.

ಶಾಫ್ಟಿನೊಳಗೆ ಸಿಕ್ಕಿಕೊಂಡಿದ್ದ ಚೂರನ್ನು ಕೊರೆದು ತೆಗೆದೆ. ಹೊಸ ಪಿನ್ ತರಿಸಿ ಹಾಕಿ, ಸಡಿಲವಾಗದಂತೆ ತಂತಿ ಬಿಗಿದೆ. ಅದೊಂದನ್ನೇ ನಂಬಲಾರದೆ ಫೋರ್ಕಿಗೂ ಶಾಫ್ಟಿಗೂ ಸೇರಿ ಇನ್ನೊಂದು ತೂತು ಕೊರೆದು ಗಟ್ಟಿ ಉಕ್ಕಿನ ಬೋಲ್ಟ್ ಕೂರಿಸಿದೆ.

ಕೆಲಸ ಮುಗಿದ ಮಾರನೇ ದಿನ ಹೋಗಿ ಮೊಳೆ ಚೂರುಗಳನ್ನು ಮೆಕ್ಯಾನಿಕ್ಕನ ಮುಂದೆ ಎಸೆದೆ.

"ಇದೂ ನನ್ ಕಾಲೇನಪ್ಪ?"

"ಪಿನ್ ಸಿಗಾಕಿಲ್ಲ ಕಣಕ್ಕ, ಒಸಿ ಅಡ್ಜಸ್ಟ್ ಮಾಡ್ದೆ."

"ಅಡ್ಜಸ್ಟ್ ಮಾಡ್ದೋನು ನೀನು, ನಡುರೋಡಲ್ಲಿ ಬೈಸ್ಕಂಡೋಳು ನಾನು!"

ಅವನು ನನ್ನ ಹಿಂದೆ ಅಣ್ಣ ಬಂದಿದ್ದಾನೇನೋ ಎಂದು ಇಣುಕಿದ. ಬಂದಿರಲಿಲ್ಲ.

ಕ್ಲಚ್ ಆಮೇಲೆ ತಕರಾರು ಮಾಡಿಲ್ಲ. ಹೋದ ತಿಂಗಳು ಕನಕಪುರದ ನೆಂಟರ ಮನೆಗೆ ಅಣ್ಣನೂ ಅದರಲ್ಲೇ ಬಂದ. ಅಲ್ಲಿ ಕಾರು ನೋಡಲು ನಿಂತವರಿಗೆ, "ಒಳಗಡೆ ಮುರ್ದೋಗಿತ್ತು, ನಾವೇ ಬಿಚ್ಚಿ ರಿಪೇರಿ ಮಾಡ್ಕಂಡೋ" ಎಂದ.

"ನಾವಂದ್ರೆ ಯಾರಣ್ಣ?" ಎಂದೆ ಎಲ್ಲರೆದುರಿಗೇ. "ನೀನ್ ಒಂದ್ ಬೋಲ್ಟಾದ್ರೂ ಮುಟ್ಟಿದ್ಯಾ?"

ಅವನು ನಕ್ಕ. ನನಗೆ ನಗು ಬರಲಿಲ್ಲ. ವಾಪಸ್ ಬರುವಾಗ ಅವನನ್ನು ಕಾರಿಗೆ ಹತ್ತಿಸಲಿಲ್ಲ, ಅವನು ಬಸ್ಸಿಗೆ ಬಂದ.